ಹವಳದ ಹಿಂಡು ಕಾಯ್ದ ಕಾಡವ್ವ

ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಕಾಡವ್ವ ಪೂಜೇರಿಯವರು ಮಹತ್ವದ ಯಾವ ಮಾತನ್ನೂ ಎರಡು ಕಾಲಿನ ಮೇಲೆ ನಿಂತು ಆಡಿದ್ದನ್ನು ನಾನು ಕಂಡಿಲ್ಲ. ಮಾತಿಗೆ ತೂಕ ಬರುವ ಹೊತ್ತಿಗೆ ಅವರ ಬಲಗಾಲು ತಾನಾಗಿ ಮೇಲೆದ್ದು, ಅಂಗಾಲು ಸೀರೆಯ ನೆರಿಗೆಯ ಮರೆಯಲ್ಲಿ ಎಡಮೊಣಕಾಲಿಗೆ ಒರಗಿ, ಕೈಗೆ ಸಿಕ್ಕ ಕೊಡೆಯೋ, ನಕ್ಷೆ ತೋರಿಸುವ ಕೋಲೋ, ಏನೂ ಇಲ್ಲದಿದ್ದರೆ ಸ್ಟಾಫ್ ರೂಮಿನ ಕಿಟಕಿಯ ಸರಳೋ ಆಸರೆಯಾಗಿ, ಅವರು ಅರ್ಧ ಗಂಟೆ ಅಲುಗದೆ ನಿಲ್ಲಬಲ್ಲರು. ಒಮ್ಮೆ ಕಾಲೇಜನ್ನು ತಪಾಸಣೆ ಮಾಡಲು ಬಂದ ಸಮಿತಿಯ ಹಿರಿಯರೊಬ್ಬರು ಆ ಭಂಗಿಯನ್ನು ನೋಡಿ, "ಕಾಲು ನೋವೇನಮ್ಮಾ?" ಎಂದು ಕನಿಕರಿಸಿದರು. "ಇಲ್ರಿ. ಎರಡೂ ಕಾಲಿಗೆ ಒಮ್ಮೆಲೇ ದಣಿವು ಯಾಕ ಕೊಡಬೇಕ್ರಿ?" ಎಂದು ಇವರು ಉತ್ತರಿಸಿದರು. ಕಾಲೇಜಿಗೆ ಆ ವರ್ಷ ಒಳ್ಳೆಯ ಶ್ರೇಣಿಯೇ ಬಂತು. ಅದಕ್ಕೆ ಈ ಉತ್ತರವೂ ಕಾರಣವೆಂದು ನಾನು ಇಂದಿಗೂ ನಂಬಿದ್ದೇನೆ.

ಕಾಡಿನ ಅಂಚಿನ ಗುಂಜಿಯಲ್ಲಿ ಹುಟ್ಟಿ, ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ ಕಟ್ಟಿ, ಈ ಎರಡೂ ಕಡೆಯಿಂದ ಕಣ್ಣಿಗೆ ಕಾಣದ ಕಡಲಿನ ತಳವನ್ನು ಹನ್ನೆರಡು ವರ್ಷ ಕಾಯ್ದ ಹೆಂಗಸು ಅವರು. ನಾನಾದರೋ ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಮಲಪ್ರಭೆಯ ಮೆಟ್ಟಿಲಲ್ಲಿ ಕಾಲು ತೊಳೆಯುವಾಗಲೂ ಪಕ್ಕದವರ ತೋಳು ಹಿಡಿಯುವಷ್ಟು ಧೈರ್ಯಶಾಲಿ. ಸ್ಟಾಫ್ ರೂಮಿನಲ್ಲಿ ಅವರ ಮೇಜಿಗೆ ನನ್ನ ಮೇಜು ತಾಗಿದ್ದ ಒಂದೇ ಕಾರಣಕ್ಕೆ ನನಗೆ ಸಮುದ್ರದ ಒಳಸುದ್ದಿಗಳು ಗೊತ್ತು.

ಅವರ ತಂದೆ ಸತ್ಯಪ್ಪನವರ ಬದುಕೆಲ್ಲ ಕುರಿಗಳ ಹಿಂದೆ ಸವೆದದ್ದು. ಸುಗ್ಗಿ ಮುಗಿದ ಮೇಲೆ ಖಾನಾಪುರದ ಸುತ್ತಿನ ಭತ್ತದ ಗದ್ದೆಗಳಲ್ಲಿ ಕುರಿ ತರುಬುವುದು, ಎಂದರೆ ಗೊಬ್ಬರಕ್ಕಾಗಿ ಹಿಂಡನ್ನು ರೈತರ ಹೊಲದಲ್ಲಿ ಕೂಡಿಹಾಕುವುದು, ಆ ಮನೆತನದ ಕಸುಬು. ಹಿಂಡಿನಲ್ಲಿ ತಮ್ಮವಲ್ಲದೆ ಊರವರು ಕಾಯಲು ಕೊಟ್ಟ ಕುರಿಗಳೂ ಇರುತ್ತಿದ್ದವು. ಸತ್ಯಪ್ಪನವರು ಅವನ್ನು ಎಂದೂ ಎಣಿಸಿದವರಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿ ತಾಗುತ್ತದೆಂಬ ಭಯ ಒಂದು ಕಡೆಗಾದರೆ, ಎಣಿಕೆಗಿಂತ ಮುಖವನ್ನು ನಂಬಬಹುದೆಂಬ ಅನುಭವ ಇನ್ನೊಂದು ಕಡೆಗೆ. ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಒಳಹೋಗುವ ಒಂದೊಂದರ ಮುಖ ನೋಡುತ್ತಿದ್ದರು; ಕೊನೆಗೆ "ಕರಿಕಿವಿ ಎಲ್ಲಿ ಐತಿ?" ಎಂದರೆ ಮಕ್ಕಳು ಕಂದೀಲು ಹಿಡಿದು ಓಡಬೇಕು. ಮಗಳು ಕಾಡವ್ವ ಈಜು ಕಲಿತದ್ದೂ ಕುರಿಗಳಿಂದಲೇ. ಉಣ್ಣೆ ಕತ್ತರಿಸುವ ಮುನ್ನ ಹಿಂಡನ್ನು ಹಳ್ಳಕ್ಕಿಳಿಸಿ ತೊಳೆಯುವಾಗ, ಕಾಲುಸೋತು ಮುಳುಗಿದ ಮರಿಯನ್ನು ತಳದಿಂದ ಎತ್ತಿ ತರುವ ಕೆಲಸ ಮನೆಯಲ್ಲಿ ಹೆಚ್ಚು ಹೊತ್ತು ಉಸಿರು ಕಟ್ಟಬಲ್ಲ ಇವರದ್ದಾಗಿತ್ತು.

ನಲವತ್ತೆರಡನೆಯ ವಯಸ್ಸಿನಲ್ಲಿ, ವಿದ್ಯಾರ್ಥಿಗಳನ್ನು ಅಧ್ಯಯನ ಪ್ರವಾಸಕ್ಕೆಂದು ಲೋಂಡಾದ ಮೇಲೆ ಹಾಯುವ ರೈಲಿನಲ್ಲಿ ಗೋವೆಯ ವಾಸ್ಕೋದ ಕಡೆಗೆ ಕರೆದೊಯ್ದಾಗ ಅವರು ಮೊದಲ ಬಾರಿಗೆ ಹವಳದ ದಿಬ್ಬವನ್ನು ನೋಡಿದರು. ದಂಡೆಯಿಂದ ದೋಣಿಯಲ್ಲಿ ಒಂದು ಗಂಟೆ ದೂರದ ಕಲ್ಲು ನಡುಗಡ್ಡೆ. ಅದರ ನೆರಳಿನಲ್ಲಿ ಮೂರಾಳು ಆಳದ ನೀರು. ಮೀನುಗಾರರು ತಳ ನೋಡಲು ಬಳಸುವ ಗಾಜಿನ ಪೆಟ್ಟಿಗೆಯೊಳಗೆ ಎಲ್ಲರೂ ಇಣುಕಿ, ಬಣ್ಣ ಚೆನ್ನಾಗಿದೆ ಎಂದು ಮೆಚ್ಚಿ, ಮಂಡಕ್ಕಿ ತಿನ್ನಲು ಕುಳಿತರಂತೆ. ಇವರು ಮಾತ್ರ ಪೆಟ್ಟಿಗೆಯಿಂದ ಮುಖ ತೆಗೆಯಲಿಲ್ಲ. ಊರಿಗೆ ಮರಳಿದ ಮರುದಿನ ನನ್ನ ಮೇಜಿನ ಪಕ್ಕ ಒಂಟಿಗಾಲಿನಲ್ಲಿ ನಿಂತರು.

"ಸರ, ಅಲ್ಲಿ ಜಗಳ ನಡದೈತಿ."

"ಯಾರದು?"

"ಹವಳಕ್ಕೂ ಸ್ಪಂಜಿಗೂ. ಜಾಗಾದ ಜಗಳ. ಸಪ್ಪಳಿಲ್ಲ, ಓಡಾಟಿಲ್ಲ. ಆದ್ರ ಯಾರು ತಳ್ಳಾಕತ್ತಾರ, ಯಾರು ಸರಿಯಾಕತ್ತಾರ, ಗಡಿ ನೋಡಿದ್ರ ತಿಳೀತೈತಿ."

ಸ್ಪಂಜು ಎಂದರೆ ಪಾತ್ರೆ ತಿಕ್ಕುವ ಸಾಮಾನು ಎಂದಷ್ಟೇ ತಿಳಿದಿದ್ದ ನನಗೆ, ಅದೊಂದು ಜೀವವುಳ್ಳ ಪ್ರಾಣಿಯೆಂದೂ, ಬಾಯಿ ಹೊಟ್ಟೆ ಕೈಕಾಲು ಯಾವುದೂ ಇಲ್ಲದೆ ದಿನವಿಡೀ ನೀರನ್ನು ಒಳಗೆ ಸೆಳೆದು ಹೊರಗೆ ಬಿಡುತ್ತ ಅದರಲ್ಲಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿಂದು ಬದುಕುತ್ತದೆಂದೂ ಅವರೇ ಹೇಳಿಕೊಟ್ಟರು. ಹವಳವೂ ಪ್ರಾಣಿಯೇ, ತನ್ನ ಮೈಯ ಸುಣ್ಣದಿಂದ ತಾನೇ ಮನೆ ಕಟ್ಟಿಕೊಂಡು, ಬಿಸಿಲು ಬೇಕೆಂದು ಮೇಲೆ ಮುಖ ಮಾಡಿ ಕೂರುವ ಪ್ರಾಣಿ. ಇಬ್ಬರಿಗೂ ಬೇಕಾದದ್ದು ಗಟ್ಟಿ ನೆಲ, ಮತ್ತು ಆಳವಿಲ್ಲದ ಕಡಲಿನಲ್ಲಿ ಗಟ್ಟಿ ನೆಲಕ್ಕೆ ಯಾವಾಗಲೂ ಬರ. ಸ್ಪಂಜು ಮೆಲ್ಲಗೆ ಹರಡಿ ಹವಳದ ಮೈಯನ್ನು ಮುಚ್ಚುತ್ತದೆ, ಬೆಳಕು ತಪ್ಪಿಸುತ್ತದೆ, ಅಂಚಿನಲ್ಲಿ ವಿಷ ಒಸರಿಸುತ್ತದೆ. ಕೆಲವು ಜಾತಿಯವು ಹವಳದ ಸುಣ್ಣವನ್ನೇ ಕೊರೆದು ಒಳಗೆ ಬಿಡಾರ ಹೂಡುತ್ತವೆ. ಹವಳ ಕುಟುಕುವ ಎಳೆಗಳನ್ನು ಚಾಚಿ ತಡೆಯುತ್ತದೆ. ಒಂದು ಬೆರಳಗಲದ ಸೋಲು ಗೆಲುವಿಗೆ ವರ್ಷ ಹಿಡಿಯುತ್ತದೆ. ಸ್ಪಂಜನ್ನು ಮೇಯುವ ಮೀನುಗಳಿದ್ದರೆ ಹದ ತಪ್ಪುವುದಿಲ್ಲ. ಆ ಮೀನುಗಳು ಬಲೆಗೆ ಹೋದ ಕಡೆ ಸ್ಪಂಜಿನದೇ ದರ್ಬಾರು.

"ಯಾರು ಯಾರನ್ನ ತಳ್ಳಾಕತ್ತಾರ?" ಎಂಬುದು ಅಂದಿನಿಂದ ಅವರ ಮಾತಿನ ಪಲ್ಲವಿಯಾಯಿತು. ಸ್ಟಾಫ್ ಮೀಟಿಂಗಿನಲ್ಲಿ ವೇಳಾಪಟ್ಟಿಯ ಚರ್ಚೆ ಎಷ್ಟೇ ಸಭ್ಯವಾಗಿ ನಡೆಯುತ್ತಿರಲಿ, ಇವರು ನನ್ನ ಕಿವಿಯ ಬಳಿ ಆ ಪ್ರಶ್ನೆ ಕೇಳಿದರೆ, ಮರುಕ್ಷಣವೇ ನನಗೆ ಗಣಿತದವರ ಸೋಮವಾರದ ಮೊದಲ ಪಿರಿಯಡ್ಡಿನ ಮೇಲೆ ಭೌತಶಾಸ್ತ್ರದವರು ಹರಡುತ್ತಿರುವುದು ಕಾಣಿಸುತ್ತಿತ್ತು. ಕನ್ನಡ ವಿಭಾಗದ ಪಿರಿಯಡ್ಡುಗಳನ್ನು ಯಾರು ಬೇಕಾದರೂ ತಳ್ಳಬಹುದಾಗಿದ್ದರಿಂದ ನಾನು ಹೆಚ್ಚು ಮಾತಾಡುತ್ತಿರಲಿಲ್ಲ.

ಅವರು ಮುಳುಗುವುದನ್ನು ಕಲಿತರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಏಪ್ರಿಲ್ಲಿನಲ್ಲಿ ಮತ್ತು ಮಳೆಗಾಲ ಕಳೆದು ನೀರು ತಿಳಿಯಾದ ನವೆಂಬರಿನಲ್ಲಿ, ಅದೇ ನಡುಗಡ್ಡೆಯ ಅದೇ ತುಣುಕಿಗೆ ಹೋಗುವುದು ವ್ರತವಾಯಿತು. ನೀರಿನಿಂದ ಮೇಲೆ ಬಂದೊಡನೆ ಉಳಿದವರು ಟರ್ಕಿ ಟವೆಲ್ ಹುಡುಕಿದರೆ ಇವರು ಅಪ್ಪನ ಕರಿಯ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು ಕೂರುವರು. ಉಪ್ಪುನೀರು ಕುಡಿದು ಕುಡಿದು ಆ ಕಂಬಳಿ ತಗಡಿನಷ್ಟು ಬಿರುಸಾಗಿತ್ತು. ದೋಣಿಯವರು ಅವರಿಗೆ 'ಘೋಂಗಡೀವಾಲಿ ಬಾಯಿ', ಎಂದರೆ ಕಂಬಳಿಯ ಹೆಂಗಸು, ಎಂದು ಹೆಸರಿಟ್ಟರು. ಇವರು ಅದೇ ಮರಾಠಿಯಲ್ಲಿ ತಿರುಗಿ ಎರಡು ಬೈದು ಸ್ನೇಹ ಗಳಿಸಿಕೊಂಡರು.

ಆ ತುಣುಕಿನಲ್ಲಿ ಅರವತ್ತೆರಡು ಹವಳಗಳಿದ್ದವು. ವಿಜ್ಞಾನಿಗಳು ಅಂಥಲ್ಲಿ ಚೌಕಟ್ಟು ಇಟ್ಟು, ಎಣಿಸಿ, ಅಂಕಿ ಬರೆದುಕೊಳ್ಳುತ್ತಾರೆ. ಇವರೂ ಬರೆದುಕೊಳ್ಳುತ್ತಿದ್ದರು, ಆದರೆ ಕೊನೆಗೆ. ಮೊದಲು ಒಂದು ಸುತ್ತು ಸುಮ್ಮನೆ ಈಜಿ ಮುಖ ನೋಡುವರು. ಒಂದೊಂದಕ್ಕೂ ಹೆಸರಿತ್ತು: ನಡುವೆ ಗುಂಡಗೆ ಕುಳಿತ ದೊಡ್ಡದು ಸಾತವ್ವ ದೊಡ್ಡಮ್ಮ, ಅಂಚಿನಲ್ಲಿ ಸದಾ ಸ್ಪಂಜಿನೊಡನೆ ಜಗಳಕ್ಕೆ ನಿಂತದ್ದು ರೇಣವ್ವ, ತಟ್ಟೆಯಂತೆ ಚಪ್ಪಟೆಯಾಗಿದ್ದದ್ದು ಮುತ್ತಪ್ಪ ಕಾಕಾ. ಎಲ್ಲ ಗುಂಜಿಯ ಬಂಧುಬಳಗವೇ. "ವೈಜ್ಞಾನಿಕ ವಿಧಾನ ಇದಲ್ಲ" ಎಂದು ಪುಣೆಯ ಕಡೆಯ ಪಂಡಿತರೊಬ್ಬರು ಆಕ್ಷೇಪಿಸಿದಾಗ, "ನಿಮ್ಮ ಪಟ್ಟಿಯೊಳಗ ಹದಿನೇಳನೇ ನಂಬರ ಸತ್ತದ್ದು ನಿಮಗ ಎಷ್ಟ ದಿನಕ್ಕ ಗೊತ್ತಾತ್ರಿ?" ಎಂದು ಕೇಳಿದರಂತೆ. ಪಂಡಿತರು ಚಹ ತರಿಸಿದರು.

ಹತ್ತು ವರ್ಷದ ನೋಟ ಒಟ್ಟುಗೂಡಿದಾಗ, ಅದನ್ನು ಜನರೂ ಓದಲೆಂದು ಒಂದು ಕನ್ನಡ ವರದಿ ಸಿದ್ಧವಾಯಿತು. ಭಾಷೆ ತಿದ್ದಿಕೊಡುವ ಹೊಣೆ ನನ್ನದು. ಇಲ್ಲಿ ನನ್ನ ಪಾಪವನ್ನೂ ಹೇಳಿಬಿಡುವುದು ವಾಸಿ. ಅವರು ತಮ್ಮ ಕರಡಿನಲ್ಲಿ, ಸ್ಪಂಜು ಹವಳವನ್ನು ತಳ್ಳುತ್ತಿದೆ, ಹೊಲದಲ್ಲಿ ಕಾಂಗ್ರೆಸ್ ಕಳೆ ಕಿತ್ತಂತೆ ಅದನ್ನು ತೆಗೆದರೆ ಹವಳ ಉಳಿದೀತು ಎಂದು ಬರೆದಿದ್ದರು. ಅಲಂಕಾರವಿಲ್ಲದ ಗದ್ಯ ಕಂಡರೆ ನನ್ನ ಕೈ ತುರಿಸುತ್ತದೆ. "ಸ್ಪಂಜು ಹವಳದ ಹಗೆ, ಹಗೆಯನ್ನು ಬುಡಸಮೇತ ಕೀಳದೆ ಹವಳಕ್ಕೆ ಉಳಿಗಾಲವಿಲ್ಲ" ಎಂದು ನಾನು ತಿದ್ದಿದೆ. ಅವರು ಓದಿ, ಕಾಲು ಬದಲಿಸಿ, "ಜೋರ ಆತು. ಆದ್ರ ಖರೇ ಐತಿ" ಎಂದರು. ಕುರುಬರ ಮನೆಯ ಕಣ್ಣಿಗೆ ಮೇವಿನ ನೆಲದಲ್ಲಿ ಹಬ್ಬುವುದೆಲ್ಲ ಕಳೆಯೇ. ಅಷ್ಟು ಚಿಕ್ಕಂದಿನಲ್ಲಿ ಕಲಿತದ್ದನ್ನು ಅವರು ಕಡಲಿಗೂ ಒಯ್ದಿದ್ದರು.

ಆ ವಾಕ್ಯ ಬೆಳಗಾವಿಯ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದ ಬಸವಪ್ರಸಾದ ಎಂಬವರ ಎದೆಗೆ ನಾಟಿತು. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಎರಕದ ಕಾರ್ಖಾನೆ. ಐವತ್ತರ ಮೇಲೆ ಗೋವೆಯಲ್ಲಿ ಮುಳುಗುವುದನ್ನು ಕಲಿತು ಕಡಲಿನ ಭಕ್ತರಾದವರು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾತಿಯಲ್ಲ. ತಮ್ಮಂತೆ ಮುಳುಗಬಲ್ಲ ನಲವತ್ತು ಜನರನ್ನು ಸೇರಿಸಿದರು, ಅಭಿಯಾನಕ್ಕೂ ಕಾಡವ್ವನವರ ಮುಂದಿನ ಕೆಲಸಕ್ಕೂ ಹಣ ಕೊಡಲು ಒಂದು ಟ್ರಸ್ಟನ್ನು ಒಪ್ಪಿಸಿದರು, ಇಲಾಖೆಗಳಿಗೆ ಓಡಾಡಿ ಕಾಡವ್ವನವರ ಸಹಿಯ ಬಲದ ಮೇಲೆ ಅನುಮತಿ ತಂದರು, ಸ್ಪಂಜು ಕೆರೆಯಲು ತಮ್ಮ ಕಾರ್ಖಾನೆಯಲ್ಲೇ ನಲವತ್ತು ಉಕ್ಕಿನ ಸಲಿಕೆ ಮಾಡಿಸಿದರು. ಇಡೀ ದಿಬ್ಬವನ್ನು ಒಂದೇ ವಾರದಲ್ಲಿ ಶುದ್ಧಗೊಳಿಸುವ ಸಂಕಲ್ಪ. ಕಾಡವ್ವನವರು ಒಂದೇ ಷರತ್ತು ಹಾಕಿದರು: ಮೊದಲು ತಮ್ಮ ತುಣುಕಿನಲ್ಲಿ ಒಂದು ವರ್ಷ ಪ್ರಯೋಗ, ಆಮೇಲೆ ಉಳಿದದ್ದು.

ಹಾಗೆ ಒಂದು ಏಪ್ರಿಲ್ಲಿನಲ್ಲಿ ಅವರು ತಮ್ಮ ಅರವತ್ತೆರಡು ಹವಳಗಳನ್ನು ಸಮನಾಗಿ ಎರಡು ಪಾಲು ಮಾಡಿ, ಒಂದು ಪಾಲಿನ ಸುತ್ತಲಿನ ಸ್ಪಂಜನ್ನೆಲ್ಲ ತಮ್ಮ ಕೈಯಾರೆ ಕೆರೆದು ತೆಗೆದರು. ನಾಲ್ಕು ದಿನದ ಕೆಲಸ. ಮರಳಿ ಬಂದವರ ಮುಖದಲ್ಲಿ ಮಗಳ ತಲೆಯ ಹೇನು ತೆಗೆದು ಮುಗಿಸಿದ ತಾಯಿಯ ಸಮಾಧಾನವಿತ್ತು. ತೊಳೆದ ಹವಳಗಳ ಫೋಟೋ ತೋರಿಸಿ, "ನೋಡ್ರಿ ಸರ, ಹೆಂಗ ಉಸಿರಾಡಾಕತ್ತಾವ" ಎಂದರು. ನನಗೂ ಅವು ಉಸಿರಾಡುತ್ತಿರುವಂತೆ ಕಂಡವು.

ಮಳೆಗಾಲ ಬಂತು, ಹೋಯಿತು. ನವೆಂಬರಿನಲ್ಲಿ ನಡುಗಡ್ಡೆಗೆ ಹೋದವರು ಹೇಳಿದ ದಿನಕ್ಕೆ ಎರಡು ದಿನ ಮೊದಲೇ ಮರಳಿದರು. ಸ್ಟಾಫ್ ರೂಮಿಗೆ ಬಂದು, ಕುರ್ಚಿಯ ಮೇಲೆ ಕುಳಿತರು. ಅವರು ಕುಳಿತದ್ದನ್ನು ನೋಡಿಯೇ ನನಗೆ ದಿಗಿಲಾಯಿತು. ಆಮೇಲೆ ಹೇಳಿದರು: ತೊಳೆದ ಪಾಲಿನಲ್ಲಿದ್ದ ಮೂವತ್ತೊಂದರಲ್ಲಿ ಹತ್ತೊಂಬತ್ತು ಬುಡಮೇಲಾಗಿ ಮರಳಿನಲ್ಲಿ ಹೂತು ಸತ್ತಿದ್ದವು. ಮುಟ್ಟದೆ ಬಿಟ್ಟ ಪಾಲಿನಲ್ಲಿ ಹೋದದ್ದು ನಾಲ್ಕೇ. ಆ ದಿಬ್ಬದ ಹವಳಗಳು ಕೂತಿದ್ದದ್ದು ಬಂಡೆಯ ಮೇಲಲ್ಲ, ಹಳೆಯ ಹವಳದ ಸಡಿಲ ಚೂರುಗಳ ರಾಶಿಯ ಮೇಲೆ. ಆ ಚೂರುಗಳ ಸಂದುಸಂದುಗಳಲ್ಲಿ ಬೆಳೆದು, ಇಟ್ಟಿಗೆಗೆ ಗಾರೆಯಂತೆ ಎಲ್ಲವನ್ನೂ ಕಚ್ಚಿ ಹಿಡಿದಿದ್ದದ್ದು ಅದೇ ಸ್ಪಂಜು. ಮೇಲೆ ಹವಳವನ್ನು ಬೆರಳಗಲ ತಳ್ಳುತ್ತಿದ್ದದ್ದೇ ಕೆಳಗೆ ಅದರ ಕಾಲನ್ನು ನೆಲಕ್ಕೆ ಕಟ್ಟಿತ್ತು. ಆ ಕಟ್ಟನ್ನು ಇವರು ನಾಲ್ಕು ದಿನ ಕೂತು ಕೆರೆದು ಬಿಚ್ಚಿದ್ದರು. ಮಳೆಗಾಲದ ಅಲೆ ಬಂದು ಉಳಿದ ಕೆಲಸ ಮುಗಿಸಿತ್ತು.

"ಹತ್ತ ವರ್ಷ ಗಡಿ ನೋಡಿದ್ನಿ ಸರ. ಒಮ್ಮೆನೂ ಬುಡಕ್ಕ ಕೈ ಹಾಕಿ ನೋಡಲಿಲ್ಲ" ಎಂದರು. ಬರುವ ಏಪ್ರಿಲ್ಲಿಗೆ ನಲವತ್ತು ಸಲಿಕೆಗಳು ಇಡೀ ದಿಬ್ಬಕ್ಕೆ ಇಳಿಯುವುದಿತ್ತು. ಅಲ್ಲಿ ಇಂಥ ಹವಳಗಳು ಸಾವಿರಾರು.

ಆ ಭಾನುವಾರ ಅವರು ಗುಂಜಿಗೆ ಹೊರಟಾಗ ನನ್ನನ್ನೂ ಕರೆದರು. ಒಬ್ಬರೇ ಹೋಗಲು ಮನಸ್ಸಿರಲಿಲ್ಲವೆಂದು ತೋರುತ್ತದೆ. ಎಂಬತ್ತು ದಾಟಿದ ಸತ್ಯಪ್ಪನವರು ದೊಡ್ಡ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದರು. ಮಗಳು ಎದುರಿಗೆ ನೆಲದ ಮೇಲೆ ಕುಳಿತು, "ಯಪ್ಪಾ, ಹತ್ತೊಂಬತ್ತು ಹ್ವಾದ್ವು" ಎಂದರು.

"ಎಷ್ಟ ಅನ್ನಬ್ಯಾಡ. ಯಾವ್ಯಾವು ಹ್ವಾದ್ವು ಹೇಳವ್ವಾ."

ಕಾಡವ್ವನವರು ಹತ್ತೊಂಬತ್ತೂ ಹೆಸರು ಹೇಳಿದರು. ಸಾತವ್ವ ದೊಡ್ಡಮ್ಮನ ಹೆಸರು ಬಂದಾಗ ಅವರ ದನಿ ಒಡೆಯಿತು. ಮುದುಕರು ಉಣ್ಣೆಯಿಂದ ಕೈ ತೆಗೆದು, ಕಣ್ಣು ಮುಚ್ಚಿ, ಕೊನೆಯ ಹೆಸರಿನವರೆಗೂ ಕೇಳಿದರು. ಸಮುದ್ರವನ್ನು ಜನ್ಮದಲ್ಲಿ ಕಾಣದ ಆ ಹಿರಿಯರಿಗೆ ಹವಳವೆಂದರೆ ಏನು ಅರ್ಥವಾಗಿತ್ತೋ ತಿಳಿಯದು.

"ಮಂದಿ ಕುರಿ ನಮ್ಮ ಹಿಂಡಿನಾಗ ಸತ್ರ ಏನ ಮಾಡತೀವಿ?" ಎಂದು ಕೇಳಿದರು.

"ಕಿವಿ ಒಯ್ದು ತೋರಸ್ತೀವಿ."

ಇದು ಅವರಲ್ಲಿ ಮುರಿಯಬಾರದ ಕಟ್ಟಳೆ ಎಂದು ಆಮೇಲೆ ತಿಳಿಯಿತು. ಊರವರು ಕಾಯಲು ಕೊಟ್ಟ ಕುರಿ ಸತ್ತರೆ, ಅದನ್ನು ಮಾರಿಕೊಂಡಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಕಿವಿಯನ್ನು ಕೊಯ್ದುಕೊಂಡು, ಕಾಯ್ದವನೇ ನಡೆದು ಒಡೆಯನ ಬಾಗಿಲಿಗೆ ಹೋಗಬೇಕು. ಹೇಗೆ ಸತ್ತಿತು, ತನ್ನ ಕಣ್ಣು ಎಲ್ಲಿ ತಪ್ಪಿತು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಬೇರೆಯವರನ್ನು ಕಳಿಸುವಂತಿಲ್ಲ.

"ಅವಕ್ಕ ಮಾಲಕರ ಯಾರು ಯಪ್ಪಾ? ಸಮುದ್ರದಾಗಿನವು ಅವು."

"ನಿನ್ನ ಮಾತ ನಂಬಿ ಅವನ್ನ ಉಳಸಾಕ ಹೊಂಟಾರಲ್ಲ, ಅವ್ರ ಮಾಲಕರು. ಸುದ್ದಿ ಮದಲ ಮುಟ್ಟಬಾರದು. ನೀ ಮದಲ ಮುಟ್ಟಬೇಕು."

ಮರುದಿನ ಬೆಳಿಗ್ಗೆ ಅವರ ಸ್ಕೂಟರಿನ ಹಿಂದೆ ಜೀವ ಕೈಯಲ್ಲಿ ಹಿಡಿದು ಕುಳಿತು ನಾನೂ ಉದ್ಯಮಬಾಗಕ್ಕೆ ಹೋದೆ. ಕಾರ್ಖಾನೆಯ ಕಚೇರಿಯ ಗೋಡೆಗೆ ಅಭಿಯಾನದ ಬ್ಯಾನರು ಆಗಲೇ ಏರಿತ್ತು. ಅದರ ಮೇಲೆ ಕೆಂಪಕ್ಷರದಲ್ಲಿ ನನ್ನ ವಾಕ್ಯ. ಮೂಲೆಯಲ್ಲಿ ಎಣ್ಣೆ ಸವರಿದ ಸಲಿಕೆಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು. "ಬರ್ರಿ ಮೇಡಂ, ಕುಂದರ್ರಿ. ಸರ, ನೀವೂ" ಎಂದು ಬಸವಪ್ರಸಾದರು ಚಹಕ್ಕೆ ಹೇಳಿದರು. ಕಾಡವ್ವನವರು ಕೂರಲಿಲ್ಲ. ಚೀಲದಿಂದ ಹತ್ತೊಂಬತ್ತು ಫೋಟೋ ತೆಗೆದು, ಒಂದೊಂದಾಗಿ ಹೆಸರು ಹೇಳುತ್ತ, ಮೇಜಿನ ಮೇಲೆ ಇಟ್ಟರು. ಎಲ್ಲವೂ ಮಗುಚಿ ಬಿದ್ದ, ಬೂದುಬಣ್ಣಕ್ಕೆ ತಿರುಗಿದ ಹವಳಗಳು.

"ಇವನ್ನ ಕೊಂದಾಕಿ ನಾನು. ಸ್ಪಂಜು ತಗದದ್ದಕ್ಕ ಸತ್ತ್ವು" ಎಂದರು.

ಬಸವಪ್ರಸಾದರು ಚಿತ್ರಗಳನ್ನು ಒಂದೊಂದಾಗಿ ನೋಡಿದರು. "ಈ ಸಲ ಮಳಿ ಭಾಳ ಜೋರಿತ್ತಲ್ರಿ. ಹಂಗಂತ ಬರದ್ರ ಆತು."

"ಮಳಿ ಎರಡೂ ಕಡೆ ಒಂದ ಇತ್ತ್ರಿ. ಬಾಜೂಕ ತೊಳೀಲಾರದ ಪಾಲಿನಾಗ ನಾಕ ಹೋಗ್ಯಾವ."

"ಹಂಗಾದ್ರ ನಿಮ್ಮ ಹತ್ತ ವರ್ಷದ ಮಾತು? ಅದನ್ನ ನಂಬಿ ನಾ ಇಷ್ಟೆಲ್ಲಾ ಮಾಡೇನಿ. ನಲವತ್ತ ಮಂದಿಗೆ ಏನ ಹೇಳ್ಲಿ?" ಅವರ ದನಿ ಏರಿತು. ಆಮೇಲೆ, ವ್ಯವಹಾರ ಬಲ್ಲವರಾದ್ದರಿಂದ, ಇಳಿಯಿತು. "ಒಂದ ಕೆಲಸ ಮಾಡೂಣು. ಇಡೀ ದಿಬ್ಬ ಬ್ಯಾಡ. ಆ ಕಡೆ ಒಂದ ತುಕಡಾ ಮಾಡಿ ಕಾರ್ಯಕ್ರಮ ಮುಗಸೂಣು. ಆಮ್ಯಾಲೆ ನೀವು ಏನ ಬರೀತೀರಿ ಬರೀರಿ. ಹೆಸರೂ ಉಳೀತೈತಿ, ನಿಮ್ಮ ದೋಣಿ ಖರ್ಚಿಗೂ ಟ್ರಸ್ಟಿನವರು ಬ್ಯಾಡ ಅನ್ನೂದಿಲ್ಲ."

ಕಾಡವ್ವನವರ ಇಷ್ಟು ವರ್ಷದ ಕೆಲಸ ಮುಂದುವರಿಯುವುದು ಆ ಟ್ರಸ್ಟಿನ ಮೇಲೆಯೇ ನಿಂತಿತ್ತು. ಅದು ಗೊತ್ತಿದ್ದ ನಾನು, ಒಪ್ಪಿಕೊಳ್ಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಈಗ ಬರೆಯಲು ನಾಚಿಕೆಯಾದರೂ ಬೇಡಿಕೊಂಡದ್ದು ನಿಜ.

"ಆ ತುಕಡಾದಾಗ ಇರೂವಕ್ಕ ನಾ ಇನ್ನೂ ಹೆಸರ ಇಟ್ಟಿಲ್ಲ. ಅಷ್ಟ ಫರಕು" ಎಂದರು ಕಾಡವ್ವ. "ಅವೂ ಸಾಯ್ತಾವ್ರಿ."

ಚಹ ಬಂದು ಆರಿತು. ಬಸವಪ್ರಸಾದರು ಕೊನೆಗೆ ಫೋಟೋಗಳನ್ನು ಕೂಡಿಸಿ ಅವರ ಕಡೆ ಸರಿಸಿದರು. "ಸಭಾ ಕರದೀನಿ. ಆಮಂತ್ರಣ ಪತ್ರಿಕಾನೂ ಹಂಚೀನಿ. ನನಗ ಹೇಳಾಕ ಆಗೂದಿಲ್ಲ ಮೇಡಂ. ಅಲ್ಲಿ ನೀವ ಹೇಳ್ರಿ."

ಅಭಿಯಾನದ ಉದ್ಘಾಟನೆಗೆಂದು ಕರೆದ ಆ ಸಭೆ ಫೆಬ್ರುವರಿಯಲ್ಲಿ ನಮ್ಮ ಕಾಲೇಜಿನ ಸಭಾಂಗಣದಲ್ಲೇ ನಡೆಯಿತು. ಇನ್ನೂರು ಜನ. ಪ್ರತಿಯೊಬ್ಬರ ಕೈಯಲ್ಲೂ ನಮ್ಮ ವರದಿ. ಸ್ವಾಗತ, ಹಾರ, ದೀಪ ಎಲ್ಲ ಆದ ಮೇಲೆ ಕಾಡವ್ವನವರು ಮೈಕಿನ ಮುಂದೆ ಬಂದರು. "ಎಲ್ಲಾರೂ ನಲವತ್ತಾರನೇ ಪುಟ ತಗೀರಿ" ಎಂದರು. ಪಾಠ ಮಾಡಿ ರೂಢಿಯಾದ ದನಿ. ಇನ್ನೂರು ಜನವೂ ಮಕ್ಕಳಂತೆ ತೆಗೆದರು. "ಕೆಳಗಿನ ಪ್ಯಾರಾ ಐತ್ಯಲ್ಲ, ಸ್ಪಂಜು ಹವಳದ ಹಗೆ ಅಂತ. ಅದನ್ನ ಪೆನ್ನಿಲೆ ಅಡ್ಡ ಹೊಡೀರಿ. ಅದು ತಪ್ಪೈತಿ. ತಪ್ಪು ನಂದು."

ಸಭಾಂಗಣದಲ್ಲಿ ಪೆನ್ನು ಹುಡುಕುವ ಸದ್ದು ಎದ್ದಿತು. ಇದ್ದವರು ಇಲ್ಲದವರಿಗೆ ಕೊಟ್ಟರು. ವೇದಿಕೆಯ ಮೇಲಿದ್ದ ಪ್ರಾಂಶುಪಾಲರು ಅಡ್ಡಗೆರೆ ಎಳೆಯಬೇಕೋ ಬೇಡವೋ ತಿಳಿಯದೆ ಅಧ್ಯಕ್ಷರ ಮುಖ ನೋಡಿದರು. ನಾನು ನನ್ನ ವಾಕ್ಯವನ್ನು ಎರಡು ಸಲ ಹೊಡೆದುಹಾಕಿದೆ. ಬಳಿಕ ಅವರು ನಡೆದದ್ದನ್ನೆಲ್ಲ, ಒಂದು ಹೆಸರನ್ನೂ ಬಿಡದೆ, ಅಳುಕದೆ ಹೇಳಿದರು. ನಲವತ್ತು ಜನರಲ್ಲಿ ಒಬ್ಬರಾದ ಅನುರಾಧಾ ಎಂಬ ಬ್ಯಾಂಕಿನ ಅಧಿಕಾರಿ ಎದ್ದು, "ಹಂಗಾದ್ರ ನಾವು ಏನೂ ಮಾಡಬಾರದೇನ್ರಿ?" ಎಂದು ಕೊಂಚ ಸಿಟ್ಟಿನಿಂದಲೇ ಕೇಳಿದರು.

"ಮಾಡೂದು ಭಾಳ ಐತ್ರಿ. ಸ್ಪಂಜು ಮೇಯೂ ಮೀನು ಬಲಿಗೆ ಬೀಳಲಾರದಂಗ ಮೀನುಗಾರರ ಜೋಡಿ ಕುಂತ ಮಾತಾಡಬೇಕು. ಕೊರಿಯೂ ಸ್ಪಂಜು ಯಾವುದು, ಹಿಡಿಯೂ ಸ್ಪಂಜು ಯಾವುದು ಅಂತ ಗುರುತಿಸಬೇಕು. ಅದಕ್ಕ ಇನ್ನೂ ಹತ್ತ ವರ್ಷ ಬೇಕು. ಕೆರಿಯೂದ್ರಷ್ಟು ಮಜಾ ಇಲ್ಲ ಅದರಾಗ. ಬರೂವರು ಬರ್ರಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮರುದಿನ ಊರಲ್ಲಿ ಮಾತು ಹರಿಯಿತು: ಇಷ್ಟು ವರ್ಷ ಓದಿ ಇಷ್ಟೇನಾ ಎಂದವರಿದ್ದರು, ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದವರಿದ್ದರು. ಟ್ರಸ್ಟು ದೂರ ಸರಿಯಿತು. ಅವರ ಕೈಗೆ ಬರಬೇಕಿದ್ದ ದೊಡ್ಡ ಯೋಜನೆಯೊಂದು ಪುಣೆಯ ಪಂಡಿತರ ಪಾಲಾಯಿತು. ಕಾಡವ್ವನವರು ಯಾವುದಕ್ಕೂ ಸಮ್ಮತಿಯನ್ನಾಗಲಿ ಸಿಟ್ಟನ್ನಾಗಲಿ ತೋರಲಿಲ್ಲ. ಆ ವರ್ಷದ ಮೊದಲ ತರಗತಿಯನ್ನು ತಮ್ಮ ಕೆಟ್ಟ ಪ್ರಯೋಗದ ಪಾಠದಿಂದಲೇ ಆರಂಭಿಸಿದರು.

ಬಸವಪ್ರಸಾದರು ಮಾತ್ರ ನನ್ನ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದರು. ಮೂರು ತಿಂಗಳು ಮಾತು ಬಿಟ್ಟಿದ್ದವರು, ಒಂದು ದಿನ ಫೋನು ಮಾಡಿ, ನಲವತ್ತೂ ಸಲಿಕೆಗಳನ್ನು ಕುಲುಮೆಗೆ ಹಾಕಿ ಕರಗಿಸಿದೆನೆಂದು ತಿಳಿಸಿದರು. "ಇಟ್ಟಕೊಂಡಿದ್ರ ಯಾರರೆ ಒಬ್ಬ ಮತ್ತ ಒಯ್ತಿದ್ದ" ಎಂದರಂತೆ. ನಲವತ್ತರಲ್ಲಿ ಹನ್ನೊಂದು ಜನ ಉಳಿದರು. ಬಸವಪ್ರಸಾದರೂ ಅನುರಾಧಾ ಅವರೂ ಆ ಹನ್ನೊಂದರಲ್ಲಿ ಸೇರಿದ್ದಾರೆ. ದೋಣಿಯ ಬಾಡಿಗೆಯನ್ನು ತಾವೇ ಹಂಚಿಕೊಂಡು ವರ್ಷಕ್ಕೆ ಎರಡು ಸಲ ಹೋಗುತ್ತಾರೆ, ಬರಿಗೈಯಲ್ಲಿ ಮುಳುಗುತ್ತಾರೆ, ನೋಡುತ್ತಾರೆ, ಬರುತ್ತಾರೆ. ಕಳೆದ ನವೆಂಬರಿನಲ್ಲಿ ತೊಳೆದು ಹಾಳಾಗಿದ್ದ ಪಾಲಿನ ಚೂರುಗಳ ನಡುವೆ ಅರಿಸಿನ ಬಣ್ಣದ ಸ್ಪಂಜು ಮತ್ತೆ ಹಬ್ಬಿ ನೆಲ ಗಟ್ಟಿಯಾಗುತ್ತಿತ್ತಂತೆ. ಗಟ್ಟಿಯಾದ ಒಂದು ಚೂರಿನ ಮೇಲೆ ಉಗುರಿನಷ್ಟು ಹೊಸ ಹವಳ ಕೂತಿತ್ತು. ಅದರ ಫೋಟೋ ನನಗೆ ತೋರಿಸುವಾಗ ಕಾಡವ್ವನವರ ಬಲಗಾಲು ಮತ್ತೆ ಮೇಲೆದ್ದಿತ್ತು.

ವಿದ್ವತ್ತಿನ ಲೋಕದಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ತಮ್ಮ ಸಿದ್ಧಾಂತಕ್ಕೆ ಹೊಗಳಿಕೆಯನ್ನು ಕೇಳಿ ಪಡೆದವರನ್ನೂ, ಸಿದ್ಧಾಂತ ಸುಳ್ಳಾದಾಗ ಮಳೆಯ ಮೇಲೆ, ಕಾಲದ ಮೇಲೆ, ಪ್ರೂಫ್ ತಿದ್ದಿದವನ ಮೇಲೆ ಹೊರಿಸಿ ಪಾರಾದವರನ್ನೂ ಬೇಕಾದಷ್ಟು ಕಂಡಿದ್ದೇನೆ. ಎರಡನೆಯ ಗುಂಪಿನಲ್ಲಿ ನಾನೂ ಆಗಾಗ ಕಾಣಿಸಿಕೊಂಡಿದ್ದೇನೆ. ಕಾಡವ್ವನವರಂಥವರ ಕುಲವೇ ಬೇರೆ. ಅವರೂ ತಪ್ಪು ಮಾಡುತ್ತಾರೆ, ನಮಗಿಂತ ದೊಡ್ಡದನ್ನೇ ಮಾಡುತ್ತಾರೆ, ಏಕೆಂದರೆ ನಮಗಿಂತ ಹೆಚ್ಚು ಪ್ರೀತಿಯಿಂದ ಕೈ ಹಾಕುತ್ತಾರೆ. ಆದರೆ ತಮ್ಮ ಮಾತನ್ನೇ ನಂಬಿ ನಾಲ್ಕು ಜನ ಆಯುಧ ಹಿಡಿದು ಹೊರಟಾಗ, ಆ ಜನರ ದಾರಿಗೆ ಅಡ್ಡ ನಿಲ್ಲುವ ಶಕ್ತಿ ಈ ಕುಲದವರಿಗೆ ಮಾತ್ರ ಇರುತ್ತದೆ. ಆ ದಿಬ್ಬದಲ್ಲಿ ಇಂದು ಸಾವಿರಾರು ಹವಳಗಳು ಬಿಸಿಲಿಗೆ ಮುಖ ಮಾಡಿ ಕೂತಿವೆ. ಒಬ್ಬ ಹೆಂಗಸು ಇನ್ನೂರು ಜನರೆದುರು ತಲೆ ತಗ್ಗಿಸಿದ್ದರಿಂದ ತಾವು ಉಳಿದೆವೆಂಬುದು ಅವುಗಳಲ್ಲಿ ಒಂದಕ್ಕೂ ಗೊತ್ತಿಲ್ಲ.